ಶಿವಸ್ವಾಮಿಯವರ ಎಡಗೈ, ಗುರುಸಿದ್ದಮ್ಮನ ಹರಕೆ

ಜನವರಿ 6, ಸೋಮವಾರ

ನಮ್ಮ ಮೇಲ್ವಿಚಾರಕಿ ಭಾನು ಮೇಡಂ ನಮಗೆಲ್ಲ ದಿನಚರಿ ಬರೆಯಲು ಹೇಳಿದ್ದಾರೆ. ಶನಿವಾರ ಶನಿವಾರ ಅವರೇ ಓದಿ ಸಹಿ ಹಾಕುತ್ತಾರಂತೆ. ಆ ಪುಸ್ತಕದಲ್ಲಿ ನಾನು ಬಹಳ ಒಳ್ಳೆಯ ಹುಡುಗಿ. ಇವತ್ತಿನ ಪುಟದಲ್ಲಿ “ಹೊಸ ಜವಾಬ್ದಾರಿಯನ್ನು ಸಂತೋಷದಿಂದ ಸ್ವೀಕರಿಸಿದೆ” ಎಂದು ಬರೆದಿದ್ದೇನೆ. ಸಂತೋಷದಿಂದ ಅಂತೆ! ನಿಜ ಬರೆಯುವುದಕ್ಕೂ ಒಂದು ಜಾಗ ಬೇಕಲ್ಲ, ಅದಕ್ಕೇ ಇದು.

ನಿಜ ಏನೆಂದರೆ, ನಾನು ಮೈಸೂರಿನಲ್ಲಿ ಆಕ್ಯುಪೇಷನಲ್ ಥೆರಪಿಯ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ, ಇದು ಕೊನೆಯ ಟರ್ಮು, ಅದಕ್ಕೆ ಚಾಮರಾಜನಗರದ ಆಸ್ಪತ್ರೆಗೆ ಹಾಕಿದ್ದಾರೆ. ಗುಂಡ್ಲುಪೇಟೆಯ ನಮ್ಮ ಮನೆಯಿಂದಲೇ ಬಸ್ಸಿನಲ್ಲಿ ಓಡಾಟ. ಕಾಯಿಲೆ ಬಿದ್ದು ಕೈಕಾಲು ಸೋತವರು ಉಣ್ಣುವುದು, ಉಡುವುದು, ತಮ್ಮ ಕಸುಬು ಎಲ್ಲವನ್ನೂ ಮತ್ತೆ ತಾವೇ ಮಾಡಿಕೊಳ್ಳುವಂತೆ ಮಾಡುವ ವಿದ್ಯೆ ಇದು. ವರ್ಷಗಟ್ಟಲೆಯಿಂದ ಇದನ್ನು ಬಸ್ಸಿನಲ್ಲಿ, ಮದುವೆಮನೆಯಲ್ಲಿ, ದಿನಸಿ ಅಂಗಡಿಯಲ್ಲಿ ವಿವರಿಸುತ್ತಾ ಬಂದಿದ್ದೇನೆ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿ, ಪಂಚೆ ಎತ್ತಿ ಮಂಡಿ ತೋರಿಸುತ್ತಾರೆ.

ಬೆಳಿಗ್ಗೆ ಅಮ್ಮ ಜಡೆ ಹಾಕುತ್ತಿದ್ದಾಗ ‘ಸ್ವಾವಲಂಬನೆ’ ಅಧ್ಯಾಯವನ್ನು ಓದಿ ಮುಗಿಸಿದೆ. ನಡುನಡುವೆ ಅವಳೇ ಬಾಯಿಗೆ ಉಪ್ಪಿಟ್ಟು ಇಡುತ್ತಿದ್ದುದರಿಂದ ಪುಟ ತಿರುಗಿಸಲು ಕೈ ಬಿಡುವಾಗಿತ್ತು. ಬಹಳ ಚೆನ್ನಾದ ಅಧ್ಯಾಯ. ತಮ್ಮ ಸಾಗರ್ ಬ್ಯಾಗ್ ಹೊತ್ತು ಬಂದು, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಕೊಟ್ಟ.

ಜವಾಬ್ದಾರಿ ಇದು: ಚಂದಕವಾಡಿಯ ಶಿವಸ್ವಾಮಿ ಎಂಬ ರೈತರು. ದಸರಾ ಹೊತ್ತಿಗೆ ಲಕ್ವ ಹೊಡೆದು ಎಡಭಾಗ ಬಿದ್ದಿತ್ತು. ಕಾಲು ಬಂದಿದೆ, ಕೋಲು ಹಿಡಿದು ನಡೆಯುತ್ತಾರೆ. ಎಡಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಕೂತಿದೆ. ಮಾರ್ಚ್ 20ಕ್ಕೆ ಕೇರಳದಿಂದ ಪರೀಕ್ಷಕರು ಬರುತ್ತಾರೆ. ಅವರೆದುರು ಶಿವಸ್ವಾಮಿಯವರು ದಿನನಿತ್ಯದ ಒಂದು ಕೆಲಸವನ್ನು ಎರಡೂ ಕೈ ಬಳಸಿ, ಯಾರ ಸಹಾಯವೂ ಇಲ್ಲದೆ ಮಾಡಿ ತೋರಿಸಬೇಕು. ತೋರಿಸದಿದ್ದರೆ ನಾನು ಇನ್ನೂ ಆರು ತಿಂಗಳು ಇದೇ ಬಸ್ಸಿನಲ್ಲಿ ಮಂಡಿ ನೋಡುತ್ತಾ ಓಡಾಡಬೇಕು.

ಜನವರಿ 9, ಗುರುವಾರ

ಮೊದಲ ಭೇಟಿ. ಹೊರಗಿನ ದೇಶದಲ್ಲಿ ತಯಾರಾದ ಪ್ರಶ್ನಾವಳಿ ತೆಗೆದುಕೊಂಡು ಹೋಗಿದ್ದೆ. ಚಾಕು ಮತ್ತು ಫೋರ್ಕ್ ಬಳಸಿ ಊಟ ಮಾಡುತ್ತೀರಾ? ಬೂಟಿನ ಲೇಸು ಕಟ್ಟಿಕೊಳ್ಳುತ್ತೀರಾ? ಅಂಚೆ ಡಬ್ಬಿಯಿಂದ ಕಾಗದ ತರುತ್ತೀರಾ? ಶಿವಸ್ವಾಮಿಯವರು ಹಜಾರದ ಮಂಚದ ಮೇಲೆ ಒಂಟಿ ಪಂಚೆಯಲ್ಲಿ, ಬರಿಗಾಲಲ್ಲಿ ಕೂತು ಗೋಡೆ ನೋಡುತ್ತಿದ್ದರು. ಎಲ್ಲದಕ್ಕೂ ಅವರ ಹೆಂಡತಿ ಗುರುಸಿದ್ದಮ್ಮನೇ ಉತ್ತರ ಕೊಟ್ಟರು.

“ಎಲ್ಲಾನೂ ನಾನೇ ಮಾಡ್ತೀನಿ ಕಣ ಕೂಸು. ಅವರ ಕೈಲಿ ಒಂದು ಕಡ್ಡಿ ಎತ್ತುಸ್ನಿಲ್ಲ.”

ಇದನ್ನು ದೊಡ್ಡ ಸಾಧನೆಯಂತೆ ಹೇಳಿದರು. ನಾನು ಅವರಿಗೆ ಸ್ವಾವಲಂಬನೆಯ ಬಗ್ಗೆ ಒಳ್ಳೆಯದೊಂದು ಉಪನ್ಯಾಸ ಕೊಟ್ಟೆ. ಬಾಯಾರಿದಾಗ ಅಮ್ಮ ತುಂಬಿಸಿ ಕೊಟ್ಟಿದ್ದ ನೀರಿನ ಬಾಟಲಿಯ ಮುಚ್ಚಳ ಬಿಗಿಯಾಗಿತ್ತು, ಗುರುಸಿದ್ದಮ್ಮನೇ ತೆಗೆದುಕೊಟ್ಟರು.

ಹೊರಡುವಾಗ ಅವರು ಎಲೆ ಅಡಿಕೆ ಮಡಚಿ ಗಂಡನ ಬಾಯಿಗಿಟ್ಟರು. ಶಿವಸ್ವಾಮಿಯವರು ಅಗಿದು, ಇಡೀ ದಿನದಲ್ಲಿ ಒಂದೇ ಒಂದು ಮಾತು ಆಡಿದರು: “ಸುಣ್ಣ ಜಾಸ್ತಿ ಆಯ್ತು.”

ಜನವರಿ 16, ಗುರುವಾರ

ಪುಸ್ತಕದ ಪ್ರಕಾರ ಎರಡೂ ಕೈ ಬಳಸುವುದಕ್ಕೆ ಅತ್ಯುತ್ತಮ ಕೆಲಸ ಬ್ರೆಡ್ಡಿಗೆ ಬೆಣ್ಣೆ ಸವರುವುದು. ಚಾಮರಾಜನಗರದ ಬೇಕರಿಯಲ್ಲಿ ಒಂದು ಪೌಂಡ್ ಬ್ರೆಡ್ ಕೊಂಡು, ಬಸ್ಸಿಳಿದು, ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆದುಹೋದೆ. ಅದೇ ತಪ್ಪಾಯಿತು. ನಮ್ಮ ಕಡೆ ಬ್ರೆಡ್ ತರುವುದು ಯಾವಾಗ ಎಂದು ನಾನು ಯೋಚಿಸಬೇಕಿತ್ತು. ನಾನು ಬೆಣ್ಣೆ ಡಬ್ಬಿ ತೆಗೆಯುವಷ್ಟರಲ್ಲಿ ಬೀದಿಯ ಅರ್ಧ ಜನ ಹಜಾರದಲ್ಲಿದ್ದರು.

“ಯಾರ್ಗವ್ವ ಜ್ವರ?”

“ಡಾಕ್ಟ್ರಮ್ಮ ಬ್ರೆಡ್ ತಂದವ್ರೆ ಅಂದ್ರ ಜೋರಾಗೇ ಅದ ಅನ್ಸುತ್ತ.”

ಶಿವಸ್ವಾಮಿಯವರ ಗೆಳೆಯ ಮೂಗಯ್ಯ ಹೊಲದಿಂದ ಓಡಿಬಂದು ಅವರ ಹಣೆ ಮುಟ್ಟಿ ನೋಡಿದ. “ಸುಡ್ತಾ ಅದ ಕಣ್ಲಾ” ಎಂದ. ಸುಡುತ್ತಿದ್ದದ್ದು ಮೂಗಯ್ಯನ ಕೈ, ಬಿಸಿಲಲ್ಲಿ ಬಂದಿದ್ದ. ಅಷ್ಟರಲ್ಲಿ ಒಬ್ಬರು ಎಳನೀರು ತಂದರು, ಇನ್ನೊಬ್ಬರು ವಿಭೂತಿ ಹಚ್ಚಿದರು. ಬ್ರೆಡ್ಡಿಗೆ ಬೆಣ್ಣೆ ಸವರಿದ್ದು ಗುರುಸಿದ್ದಮ್ಮ, ತಿಂದದ್ದು ಅಕ್ಕಪಕ್ಕದ ಮಕ್ಕಳು. ಶಿವಸ್ವಾಮಿಯವರು ಗೋಡೆಯನ್ನೇ ನೋಡುತ್ತಿದ್ದರು. ಅವರು ಆ ಗೋಡೆಯನ್ನು ನೋಡುವ ಶ್ರದ್ಧೆಯಲ್ಲಿ ನಾನು ಓದಿದ್ದರೆ ಈ ಹೊತ್ತಿಗೆ ಚಿನ್ನದ ಪದಕ ಬರುತ್ತಿತ್ತು.

ಮೇಡಂ ಪುಸ್ತಕದಲ್ಲಿ: “ಸಮುದಾಯದ ಸಹಭಾಗಿತ್ವ ಅತ್ಯುತ್ತಮವಾಗಿತ್ತು.”

ಜನವರಿ 23, ಗುರುವಾರ

ಇವತ್ತು ಮನೆಪಾಠ ಕೊಟ್ಟುಬಂದೆ. ತೂತಿನ ಹಲಗೆಗೆ ಮರದ ಗೂಟಗಳನ್ನು ಒಂದೊಂದಾಗಿ ಎಡಗೈಯಿಂದ ಸಿಕ್ಕಿಸುವುದು. ರಬ್ಬರ್ ಚೆಂಡು ಒತ್ತುವುದು. ಥೆರಪಿಯ ಜೇಡಿಮಣ್ಣಿನಿಂದ ಉಂಡೆ ಕಟ್ಟುವುದು. ದಿನಕ್ಕೆ ಎರಡು ಹೊತ್ತು.

ಗುರುಸಿದ್ದಮ್ಮ ಎಷ್ಟು ಮನಸ್ಸಿಟ್ಟು ಕೇಳಿದರೆಂದರೆ ನನಗೇ ಹೆಮ್ಮೆಯಾಯಿತು. ತಿರುಗಿ ತಿರುಗಿ ಕೇಳಿದರು.

“ಸ್ನಾನ ಮಾಡೇ ಮಾಡ್ಬೇಕಾ ಕೂಸು?”

“ಮಾಡಿದರೆ ಒಳ್ಳೆಯದು, ಬಿಸಿನೀರು ಬಿದ್ದರೆ ಕೈ ಸಡಿಲ ಆಗುತ್ತೆ.”

“ಮೂಡ್ಲಾಗಿ ಕೂತ್ಕಂಡಾ?”

“ಬೆಳಕಿದ್ದರೆ ಸಾಕಮ್ಮ.”

“ಮುಗಿಯೋಗಂಟ ಬಾಯ್ಗ ಏನೂ ಹಾಕ್ಬಾರ್ದು ಅಲ್ವಾ?”

ಇಂಥ ಕಾಳಜಿಯ ಕುಟುಂಬ ಸಿಗುವುದು ಪುಣ್ಯ. ನನ್ನ ಜೊತೆಯ ಭವ್ಯಳಿಗೆ ಉಮ್ಮತ್ತೂರಿನಲ್ಲಿ ಸಿಕ್ಕ ಮನೆಯವರು ಚೆಂಡನ್ನು ನಾಯಿಗೆ ಕೊಟ್ಟಿದ್ದಾರಂತೆ.

ಜನವರಿ 30, ಗುರುವಾರ

ಬಲಗೈಗೆ ಕೆಲಸ ತಪ್ಪಿಸಿದರೆ ಎಡಗೈ ತಾನೇ ಏಳುತ್ತದೆ ಎಂಬುದು ಒಂದು ಪದ್ಧತಿ. ದಪ್ಪ ಕೈಗವಸು ಹೊಲಿದು ಶಿವಸ್ವಾಮಿಯವರ ಬಲಗೈಗೆ ತೊಡಿಸಿ, ಮಣಿಕಟ್ಟಿಗೆ ದಾರ ಕಟ್ಟಿದೆ. ಹೊಲಿದವಳು ಅಮ್ಮ. ಕಿಟಕಿಯಿಂದ ನೋಡಿದ ಯಾರೋ ಹೋಗಿ, ಆಸ್ಪತ್ರೆಯವರು ಶಿವಸ್ವಾಮಣ್ಣನ ಕೈಗೆ ಬೇಡಿ ಹಾಕಿದರು ಎಂದು ಸುದ್ದಿ ಹಬ್ಬಿಸಿದರು. ನಾನು ಗೇಟು ದಾಟುವ ಮೊದಲೇ ಗುರುಸಿದ್ದಮ್ಮ ದಾರ ಬಿಚ್ಚಿದ್ದರು. “ನೋಡಕ್ಕಾಗ್ನಿಲ್ಲ ಕೂಸು, ಒಟ್ಟೆ ಉರ್ದೋಯ್ತು” ಎಂದರು. ಹೇಳುತ್ತಾ ಎಲೆ ಮಡಚಿ ಗಂಡನ ಬಾಯಿಗಿಟ್ಟರು.

“ಸುಣ್ಣ ಜಾಸ್ತಿ ಆಯ್ತು.”

ಈ ಮನುಷ್ಯನಿಗೆ ಬೇರೆ ಮಾತೇ ಬರುವುದಿಲ್ಲವೇ?

ಫೆಬ್ರವರಿ 6, ಗುರುವಾರ

ಮುಷ್ಟಿ ಹಾಗೇ ಇದೆ. ಬಸ್ಸಿನಲ್ಲಿ ನಾಲ್ಕು ಮಂಡಿ.

ಫೆಬ್ರವರಿ 10, ಸೋಮವಾರ

ಭಾನು ಮೇಡಂ ಕರೆಸಿ ಬೈದರು. ಅವರು ಬೈಯುವುದು ಬಹಳ ಮೆಲ್ಲಗೆ, ಅದಕ್ಕೇ ಹೆಚ್ಚು ಉರಿಯುತ್ತದೆ. “ನಯನಾ, ಆ ಕೈಯಲ್ಲಿ ಶಕ್ತಿ ಇದೆ, ರಿಪೋರ್ಟ್ ನೋಡಿದ್ದೇನೆ. ಬೆರಳು ಸ್ವಲ್ಪ ಸ್ವಲ್ಪ ಆಡಬೇಕಿತ್ತು. ಕೈ ಬಳಸದೆ ಬಳಸದೆ ಮರೆತೇಬಿಟ್ಟಿದೆ. ಮನೆಪಾಠ ಮಾಡುತ್ತಿದ್ದಾರಾ?”

“ಎರಡು ಹೊತ್ತೂ ತಪ್ಪಿಲ್ಲ ಮೇಡಂ. ಗುರುಸಿದ್ದಮ್ಮ ಆಣೆ ಮಾಡಿ ಹೇಳುತ್ತಾರೆ.”

“ಅವರಿಗೆ ಏನು ಮಾಡಬೇಕು ಅಂತ ಆಸೆ? ಕೇಳಿದ್ದೀಯಾ?”

ಪ್ರಶ್ನಾವಳಿಯಲ್ಲಿ ಎಲ್ಲವೂ ಇದೆ ಎಂದೆ. ಮೇಡಂ ನನ್ನ ಮುಖವನ್ನು ನೋಡುತ್ತಾ ಕೂತರು. ನನಗೆ ಅಳು ಬಂತು, ಬಾತ್‌ರೂಮಿಗೆ ಹೋಗಿ ಮುಗಿಸಿ ಬಂದೆ. ಆರು ತಿಂಗಳು ಮತ್ತೆ ಇದೇ ಎಂದರೆ ನನ್ನಿಂದ ಆಗುವುದಿಲ್ಲ, ನಿಜವಾಗಿಯೂ ಆಗುವುದಿಲ್ಲ.

ಮನೆಗೆ ಬಂದು ಊಟ ಬೇಡ ಎಂದೆ. ಅಮ್ಮ ರಾಗಿಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. “ನಂಗೇನು ಲಕ್ವ ಹೊಡ್ದಿದ್ಯಾ?” ಎಂದು ರೇಗಿದೆ. ಆಮೇಲೆ ಉಂಡೆ.

ಫೆಬ್ರವರಿ 17, ಸೋಮವಾರ

ಇದನ್ನು ಹೇಗೆ ಬರೆಯಲಿ!

ಭವ್ಯ ಸ್ಕೂಟರಿನಲ್ಲಿ ಬಿಟ್ಟುಹೋದ್ದರಿಂದ ಇವತ್ತು ಬೇಗ ಹೋದೆ. ಹಜಾರದಲ್ಲಿ ಶಿವಸ್ವಾಮಿಯವರು ಮಂಚದ ಮೇಲೆ ಗೋಡೆ ನೋಡುತ್ತಿದ್ದರು. ಹಿತ್ತಲಿನಿಂದ ಟಕ್ ಟಕ್ ಎಂದು ಸದ್ದು. ಹೋಗಿ ನೋಡಿದರೆ, ಗುರುಸಿದ್ದಮ್ಮ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲು ಇಳಿಬಿಟ್ಟು, ಮೂಡಲಿಗೆ ಮುಖ ಮಾಡಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಎದುರಿಗೆ ನನ್ನ ಗೂಟದ ಹಲಗೆ. ಹಲಗೆಗೆ ವಿಭೂತಿ, ಕುಂಕುಮ, ಮೇಲೊಂದು ಚೆಂಡು ಹೂವು. ಕಣ್ಣು ಅರ್ಧ ಮುಚ್ಚಿ, ತುಟಿ ಅಲ್ಲಾಡಿಸುತ್ತಾ, ಎಡಗೈಯಿಂದ ಗೂಟಗಳನ್ನು ಟಕ ಟಕ ಸಿಕ್ಕಿಸುತ್ತಿದ್ದಾರೆ! ಅಂಥ ವೇಗವನ್ನು ನಾನು ಮೈಸೂರಿನ ಲ್ಯಾಬಿನಲ್ಲೂ ಕಂಡಿಲ್ಲ.

“ಏನಮ್ಮ ಇದು? ಯಾರು ಮಾಡಬೇಕಿತ್ತು? ಯಾರು ಮಾಡುತ್ತಿದ್ದೀರಿ?”

“ಅವರ ಎಸ್ರಲ್ಲಿ ನಾನೇ ಮಾಡ್ತಾ ಇವ್ನಿ ಕೂಸು.”

“ಅವರ ಹೆಸರಲ್ಲಿ ಅಂದರೆ?”

“ಮೊಮ್ಮಗಂಗೆ ಕಾಮಾಲೆ ಆದಾಗ ಅವನ ಎಸ್ರಲ್ಲಿ ಮಾದಪ್ಪನ ಬೆಟ್ಟಕ್ಕ ನಾನು ನಡ್ಕಂಡು ಓಗ್ನಿಲ್ವಾ? ವಾಸಿ ಆಗ್ನಿಲ್ವಾ? ಈಗ್ಲೂ ಶಿವರಾತ್ರಿಗ ರೋಡ್ ತುಂಬ ಜನ ಯಾರ್ ಯಾರ್ ಎಸ್ರಲ್ಲೋ ನಡೀತಾವ್ರ. ಬೆಟ್ಟ ಆಯ್ತದ, ಈ ಗೂಟ ಆಗಲ್ವಾ? ಉಪವಾಸ ಇದ್ದು ಮಾಡ್ತಾ ಇವ್ನಿ, ಒಂದು ದಿನ ತಪ್ಸಿಲ್ಲ.”

ನಾನು ಹಿತ್ತಲ ಕಲ್ಲಿನ ಮೇಲೆ ಕೂತುಬಿಟ್ಟೆ. ರಬ್ಬರ್ ಚೆಂಡು ಎಲ್ಲಿ ಎಂದು ಕೇಳಿದೆ. ಅದನ್ನು ಮೂಗಯ್ಯ ವಹಿಸಿಕೊಂಡಿದ್ದಾನಂತೆ, ಗೆಳೆಯನ ಹೆಸರಲ್ಲಿ ಹೊಲದಲ್ಲಿ ಒತ್ತುತ್ತಾನೆ. ಜೇಡಿಯ ಉಂಡೆಯನ್ನು ಪಕ್ಕದ ಮನೆಯ ಸೊಸೆ ಕಟ್ಟುತ್ತಾಳೆ. ಇಡೀ ಬೀದಿಯೇ ನನ್ನ ಥೆರಪಿಯನ್ನು ಹರಕೆಯಂತೆ ಹಂಚಿಕೊಂಡು ಭಕ್ತಿಯಿಂದ ನಡೆಸುತ್ತಿದೆ. ಚಂದಕವಾಡಿಯ ಆ ಬೀದಿಯಲ್ಲಿ ಈಗ ಎಲ್ಲರ ಎಡಗೈಯೂ ಬಲವಾಗಿದೆ, ಶಿವಸ್ವಾಮಿಯವರದೊಂದು ಬಿಟ್ಟು.

“ಅಮ್ಮಾ, ನೀವು ಉಂಡರೆ ಅವರ ಹೊಟ್ಟೆ ತುಂಬುತ್ತಾ?” ಎಂದು ಕೂಗಿದೆ. ಕೂಗಬಾರದಿತ್ತು. ಅವರ ಮುಖ ಸಣ್ಣಗಾಯಿತು.

ಆಗ ಒಳಗಿನಿಂದ ಒಂದು ವಿಚಿತ್ರ ಸದ್ದು ಬಂತು. ಗಾಬರಿಯಾಗಿ ಓಡಿದೆವು. ಶಿವಸ್ವಾಮಿಯವರು ಮಂಚದ ಮೇಲೆ ಕೂತು ನಗುತ್ತಿದ್ದರು. ಮೈ ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಬರುವಂತೆ. ಈ ಮನುಷ್ಯನಿಗೆ ಎಲ್ಲವೂ ಗೊತ್ತಿತ್ತು!

ಫೆಬ್ರವರಿ 20, ಗುರುವಾರ

ಗೂಟದ ಹಲಗೆಯನ್ನು ಕೇಳಲಿಲ್ಲ, ಪ್ರಶ್ನಾವಳಿಯನ್ನೂ ಒಯ್ಯಲಿಲ್ಲ. ಸಿಟ್ಟಿನಲ್ಲಿ ಸುಮ್ಮನೆ ಹೋಗಿ ಕೂತೆ. ಮಾಡಿಸುವುದಕ್ಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಗುರುಸಿದ್ದಮ್ಮನೂ ಸಿಟ್ಟಿನಲ್ಲಿದ್ದರು, ಆದರೂ ಕಾಫಿ ಕೊಟ್ಟರು. ಆಮೇಲೆ ಎಂದಿನಂತೆ ಎಲೆ ಮಡಚಿ ಗಂಡನ ಬಾಯಿಗಿಟ್ಟರು.

“ಸುಣ್ಣ ಜಾಸ್ತಿ ಆಯ್ತು.”

ನನಗೆ ತಡೆಯಲಾಗಲಿಲ್ಲ. “ಹಾಗಾದರೆ ಎಷ್ಟು ಹಾಕಬೇಕು ಹೇಳಿ ಸ್ವಾಮಿ!” ಎಂದೆ.

ಶಿವಸ್ವಾಮಿಯವರು ಗೋಡೆಯಿಂದ ಕಣ್ಣು ಕಿತ್ತು ನನ್ನನ್ನು ನೋಡಿದರು. “ಯಳ್‌ಗಾಳಷ್ಟು” ಎಂದರು. ಆಮೇಲೆ ನಿಲ್ಲಿಸಲೇ ಇಲ್ಲ.

“ಚಿಗುರೆಲೆಗೆ ಬ್ಯಾರೆ, ಬಲ್ತ ಎಲೆಗೆ ಬ್ಯಾರೆ ಕೂಸು. ಎಲೆಯ ಬೆನ್ನಿಗೆ ಸವರ್ಬೇಕು, ನರ ಇರೋ ಕಡ. ತೊಟ್ಟು ಮೊದ್ಲು ಕೀಳ್ಬೇಕು. ಎಲೆ ಇಂಗೆ ಎಡಗೈ ಮ್ಯಾಲ ಮಲಗಿರ್ಬೇಕು, ಮಗ ಮಲಗ್ದಂಗೆ. ನನ್ ಜಗಲಿಗೆ ಬಂದೋರು ನಾನು ಮಡ್ಚಿದ್ ಎಲೆ ಹಾಕ್ದೆ ಎದ್ದೋದದ್ದೇ ಇಲ್ಲ. ಅರಿಶಿನದ ಯಾಪಾರ, ಸಂಬಂಧದ್ ಮಾತು, ಜಗಳ, ಎಲ್ಲಾ ನನ್ ಎಲೆ ಮ್ಯಾಲೇ ಮುಗೀತಿತ್ತು. ಈಗ ಜಗಲಿಗ ಓಗಿ ಏನ್ ಮಾಡ್ಲಿ? ಬಂದೋರ್ಗ ಮುಷ್ಟಿ ತೋರಿಸ್ಲಾ?”

ಗುರುಸಿದ್ದಮ್ಮ ಬಾಯಿ ತೆರೆದುಕೊಂಡು ನೋಡುತ್ತಿದ್ದರು. ದಸರಾದಿಂದ ಈಚೆಗೆ ಅವರು ಇಷ್ಟು ಮಾತಾಡಿದ್ದು ಇದೇ ಮೊದಲಂತೆ.

ನನಗೇನೂ ದೊಡ್ಡ ಉಪಾಯ ಹೊಳೆಯಲಿಲ್ಲ. ಮಾಡಲು ಬೇರೆ ಏನೂ ಇರಲಿಲ್ಲ, ಅಷ್ಟೆ. ಬಿಸಿನೀರಿನ ಬಟ್ಟೆ ಸುತ್ತಿ, ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ, ಅಂಗೈಯನ್ನು ಅವರ ತೊಡೆಯ ಮೇಲೆ ಇಟ್ಟು, ಒದ್ದೆ ಎಲೆಯೊಂದನ್ನು ಅದರ ಮೇಲೆ ಮಲಗಿಸಿದೆ. ಬೆರಳು ಮತ್ತೆ ಮುಚ್ಚಿಕೊಂಡು ಎಲೆ ಪಚ್ಚಿಯಾಯಿತು. ಇನ್ನೊಂದು ಇಟ್ಟೆ. ಅದೂ ಪಚ್ಚಿ. ಮೂರನೆಯದನ್ನು ಅವರೇ ಬಲಗೈಯಿಂದ ಎತ್ತಿ ಇಟ್ಟುಕೊಂಡರು.

ಫೆಬ್ರವರಿ 24, ಸೋಮವಾರ

ಈಗ ನಿಜವಾದ ತೊಂದರೆ ಗುರುಸಿದ್ದಮ್ಮನದು. ಶಿವಸ್ವಾಮಿಯವರ ಬೆರಳು ನಡುಗಿದರೆ ಸಾಕು, ಇವರ ಕೈ ಮಿಂಚಿನಂತೆ ಬಂದು ಎಲೆ ಮಡಚಿಬಿಡುತ್ತದೆ. ಎಷ್ಟು ಹೇಳಿದರೂ ಅಷ್ಟೇ. ಕೊನೆಗೆ ಅವರ ದಾರಿಗೇ ಹೋದೆ.

“ಅಮ್ಮ, ಗೂಟದ ಹರಕೆ ಮುಗೀತು. ಈಗ ಬೇರೆ ಹರಕೆ. ಅವರು ಎಲೆ ಮಡಚುವಾಗ ನೀವು ಎದುರಿಗೆ ಕೈಕಟ್ಟಿ ಕೂರಬೇಕು. ಕೈ ಬಿಚ್ಚಿದರೆ ಹರಕೆ ಮುರಿದಂತೆ.”

“ಇನ್ನತ್ತು ಸಲ ಬೆಟ್ಟ ಅತ್ತು ಅನ್ನು ಕೂಸು, ಅತ್ತೀನಿ. ಇದೊಂದು ಬ್ಯಾಡ” ಎಂದರು. ಆಮೇಲೆ ಸೆರಗು ಸಿಕ್ಕಿಸಿ, ಕೈಕಟ್ಟಿ ಕೂತರು. ಎಲೆ ಬಿದ್ದಾಗಲೆಲ್ಲ ಅವರ ಕಣ್ಣಲ್ಲಿ ನೀರು. ನೋಡಲಾಗದೆ ನಾನು ಎದ್ದು ಎಲೆ ಹೆಕ್ಕಲು ಹೋದೆ. ಪಾಪ ಅಲ್ಲವೇ?

ಫೆಬ್ರವರಿ 27, ಗುರುವಾರ

ಭಾನು ಮೇಡಂ ಎಲೆಗೆ ಒಪ್ಪಿದರು, ಅಡಿಕೆಗೆ ಒಪ್ಪಲಿಲ್ಲ. ಅಡಿಕೆ ಬಾಯಿಗೆ ಕೆಟ್ಟದ್ದು, ಆಸ್ಪತ್ರೆಯ ಹೆಸರಲ್ಲಿ ಅದನ್ನು ಹೇಳಿಕೊಡುವ ಹಾಗಿಲ್ಲ, ಕೊಬ್ಬರಿ, ಸೋಂಪು ಹಾಕಿಸು ಎಂದರು. ಶಿವಸ್ವಾಮಿಯವರಿಗೆ ಇದನ್ನು ತಿಳಿಸಿದಾಗ ಲಕ್ವ ಹೊಡೆದ ದಿನಕ್ಕಿಂತ ಹೆಚ್ಚು ನೊಂದುಕೊಂಡರು.

“ಕೊಬ್ರಿ ಆಕಿದ್ದು ಬಾಣಂತಿಗ ಕೊಡಾದು ಕೂಸು!”

ಮೂಗಯ್ಯನಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಸಂಜೆಯೊಳಗೆ ಬೀದಿಯೆಲ್ಲ ‘ಬಾಣಂತಿ ಹೇಗವ್ಳೆ’ ಎಂದು ವಿಚಾರಿಸತೊಡಗಿತು. ಆದರೆ ವಿಚಾರಿಸಲು ಬಂದವರೆಲ್ಲ ಒಂದೊಂದು ಹರಿದ ಎಲೆ ತಿಂದು ಹೋಗಬೇಕಾಯಿತು. ಉಳಿದದ್ದನ್ನು ಹಿತ್ತಲಿನ ಮೇಕೆ ತಿಂದಿತು.

ನಿನ್ನೆ ಶಿವರಾತ್ರಿ, ಅಮ್ಮ ಜಾಗರಣೆ ಮಾಡಿ ಬೆಳಿಗ್ಗೆ ಮಲಗಿದ್ದಳು. ಎಬ್ಬಿಸಲು ಮನಸ್ಸಾಗದೆ ನಾನೇ ಜಡೆ ಹಾಕಿಕೊಂಡೆ. ಬಲಕ್ಕೆ ವಾಲಿದೆ ಎಂದು ಭವ್ಯ ಹೇಳಿದಳು. ಡಬ್ಬಿಗೂ ನಾನೇ ಚಿತ್ರಾನ್ನ ಹಾಕಿಕೊಂಡಿದ್ದೆ, ಚಮಚ ಮರೆತಿದ್ದೆ.

ಮಾರ್ಚ್ 6, ಗುರುವಾರ

ಹೆಬ್ಬೆರಳು! ಹೆಬ್ಬೆರಳು ತಾನಾಗಿ ಆಚೆ ಬಂತು, ಎಲೆಯ ಅಂಚನ್ನು ಹಿಡಿಯಿತು! ನಾನು, ಗುರುಸಿದ್ದಮ್ಮ ಇಬ್ಬರೂ ಕಿರುಚಿದೆವು. ಶಿವಸ್ವಾಮಿಯವರು ಬೆಚ್ಚಿ ಎಲೆ ಬೀಳಿಸಿದರು. “ಸುಮ್ನಿರ್‌ರವ್ವ, ಏನ್ ಎರಿಗೆ ಆಯ್ತಾ?” ಎಂದು ಗದರಿದರು.

ಮಾರ್ಚ್ 13, ಗುರುವಾರ

ಮಡಚುತ್ತಾರೆ. ಹರಿಯುತ್ತದೆ. ಮತ್ತೆ ಮಡಚುತ್ತಾರೆ. ಮೇಕೆ ಈಗ ಹುಲ್ಲು ಮುಟ್ಟುತ್ತಿಲ್ಲವಂತೆ.

ಬೆಳಿಗ್ಗೆ ಸಾಗರ್ ಬಸ್‌ಸ್ಟ್ಯಾಂಡಿಗೆ ಬರುತ್ತೇನೆ ಎಂದ, ಬೇಡ ಎಂದೆ. ತೆರಕಣಾಂಬಿಯವರೆಗೂ ನಿಂತು ಹೋದೆ. ನಿಂತವಳಿಗೆ ಯಾರೂ ಮಂಡಿ ತೋರಿಸುವುದಿಲ್ಲ ಎಂಬುದು ಇವತ್ತು ಗೊತ್ತಾಯಿತು.

ಮಾರ್ಚ್ 17, ಸೋಮವಾರ

ಇವತ್ತು ಹೋದಾಗ ಮಂಚ ಖಾಲಿ. ನೋಡಿದರೆ ಜಗಲಿಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಾರೆ, ಎಡಗೈಯನ್ನು ಟವೆಲಿನಲ್ಲಿ ಮುಚ್ಚಿಕೊಂಡು. “ಒಳಗ ಸೆಕೆ” ಎಂದರು. ಒಳಗೆ ಸೆಕೆ ಇರಲಿಲ್ಲ.

ಮಾರ್ಚ್ 20, ಗುರುವಾರ

ಪರೀಕ್ಷಕರು ಬೆಳಿಗ್ಗೆಯೇ ಬರಬೇಕಿತ್ತು. ಬಂಡೀಪುರ ಕಾಡಿನ ಮದ್ದೂರು ಚೆಕ್‌ಪೋಸ್ಟಿನ ಈಚೆ ರಸ್ತೆಯ ನಡುವೆ ಆನೆ ನಿಂತಿದೆ, ಅದು ಹೋದ ಮೇಲೆ ಬರುತ್ತೇನೆ ಎಂದು ಫೋನ್ ಮಾಡಿದರು. ಆನೆಗೆ ಪರೀಕ್ಷೆ ಇರಲಿಲ್ಲ, ಆರಾಮಾಗಿ ಹೋಯಿತು. ಅವರು ಬರುವಷ್ಟರಲ್ಲಿ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀದಿಯ ಅಷ್ಟೂ ಜನ, ಮೇಕೆ ಕೂಡ.

ಪರೀಕ್ಷಕರು ದಪ್ಪ ಮೀಸೆಯ, ಮಾತು ಕಡಿಮೆಯ ಮನುಷ್ಯ. ಶುರು ಮಾಡಿ ಎಂದು ಸನ್ನೆ ಮಾಡಿದರು. ಭಾನು ಮೇಡಂ ನನ್ನ ಕಡೆ ನೋಡಲೇ ಇಲ್ಲ. ಶಿವಸ್ವಾಮಿಯವರು ತಟ್ಟೆ ಎಳೆದುಕೊಂಡರು. ಎಲೆ ಒರೆಸಿದರು, ತೊಟ್ಟು ಕಿತ್ತರು, ಎಡ ಅಂಗೈಯ ಮೇಲೆ ಮಲಗಿಸಿದರು. ಅಂಗೈ ತೆರೆದೇ ಇತ್ತು. ಆಮೇಲೆ ಸುಣ್ಣದ ಡಬ್ಬಿಗೆ ಕೈ ಹಾಕಿದರು.

ಮುಚ್ಚಳ ಬರಲಿಲ್ಲ.

ಬಲಗೈಯಿಂದ ತಿರುಗಿಸಿದರು, ಡಬ್ಬಿಯೇ ತಿರುಗಿತು. ನನಗೆ ತಕ್ಷಣ ಅರ್ಥವಾಯಿತು. ಬೆಳಿಗ್ಗೆ ಡಬ್ಬಿ ತುಂಬಿ ಮುಚ್ಚಿದವರು ಗುರುಸಿದ್ದಮ್ಮ. ದಿನಕ್ಕೆರಡು ಹೊತ್ತು ಉಪವಾಸವಿದ್ದು ನನ್ನ ಗೂಟ ಸಿಕ್ಕಿಸಿ ಉಕ್ಕಾದ ಕೈ ಅದು. ಆ ಕೈ ಮುಚ್ಚಿದ ಡಬ್ಬಿಯನ್ನು ಬೀದಿಯಲ್ಲಿ ಯಾರೂ ತೆಗೆಯಲಾರರು!

ಶಿವಸ್ವಾಮಿಯವರ ಹಣೆಯಲ್ಲಿ ಬೆವರು. ಎಡ ಬೆರಳುಗಳು ನಡುಗುತ್ತಾ ಮುಚ್ಚಿಕೊಳ್ಳತೊಡಗಿದವು, ಎಲೆ ಜಾರಿ ಬಿತ್ತು. ಪರೀಕ್ಷಕರು ಪೆನ್ನು ತೆಗೆದರು. ಆರು ತಿಂಗಳು, ಬಸ್ಸು, ಮಂಡಿ ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ನನಗೇ ತಿಳಿಯದೆ ನನ್ನ ಕೈ ಡಬ್ಬಿಯ ಕಡೆಗೆ ಹೋಯಿತು.

ಅದು ಅರ್ಧ ದಾರಿಯಲ್ಲಿ ನಿಂತಿತು. ಗುರುಸಿದ್ದಮ್ಮ ನನ್ನ ಮಣಿಕಟ್ಟು ಹಿಡಿದಿದ್ದರು. ಮೂಳೆ ಲಟಕ್ಕೆಂದಿತು.

“ಕೈ ಕಟ್ಕೊ ಕೂಸು” ಎಂದರು ಮೆಲ್ಲಗೆ. “ಅರಕೆ ಮುರೀಬ್ಯಾಡ.”

ಕೈಕಟ್ಟಿ ಕೂತೆ. ಅದು ಎಷ್ಟು ಕಷ್ಟ ಎಂಬುದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ. ಮೂಗಯ್ಯನೂ ಕೈಕಟ್ಟಿದ, ಪಕ್ಕದ ಮನೆಯ ಸೊಸೆಯೂ ಕಟ್ಟಿದಳು. ನೋಡುತ್ತಾ ನೋಡುತ್ತಾ ಇಡೀ ಜಗಲಿ ಕೈಕಟ್ಟಿ ಕೂತಿತು. ಪರೀಕ್ಷಕರು ಸುತ್ತ ನೋಡಿ, ಇದೇನೋ ಇಲ್ಲಿನ ಸಂಪ್ರದಾಯ ಎಂದುಕೊಂಡು ಪೆನ್ನು ಜೇಬಿಗಿಟ್ಟು ತಾವೂ ಕಟ್ಟಿದರು.

ಶಿವಸ್ವಾಮಿಯವರು ತಮ್ಮ ಎಡ ಮುಷ್ಟಿಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಡಬ್ಬಿಯನ್ನು ತಂದು ಆ ಮುಷ್ಟಿಯೊಳಗೇ ತುರುಕಿದರು. ಬಿಡಲಾರದ ಮುಷ್ಟಿ ಅದು, ಡಬ್ಬಿಯನ್ನೂ ಬಿಡಲಿಲ್ಲ. ಬಲಗೈಯಿಂದ ತಿರುಗಿಸಿದರು. ಮುಚ್ಚಳ ಟಪ್ಪೆಂದು ಹಾರಿ ಮೇಕೆಗೆ ಬಡಿಯಿತು.

ಹೊಸ ಎಲೆ ಒರೆಸಿ, ತೊಟ್ಟು ಕಿತ್ತು, ಬೆರಳುಗಳನ್ನು ಒಂದೊಂದಾಗಿ ಕಾದು ಬಿಡಿಸಿ, ಅಂಗೈಯ ಮೇಲೆ ಮಲಗಿಸಿದರು. ಎಳ್ಳುಕಾಳಿನಷ್ಟು ಸುಣ್ಣ. ಸ್ವಲ್ಪ ಕೊಬ್ಬರಿ, ಅದನ್ನು ಹಾಕುವಾಗ ಮುಖ ಕಿವುಚಿದರು. ಎಡ ಹೆಬ್ಬೆರಳಿನಿಂದ ಅಂಚು ಹಿಡಿದು ಮಡಚಿದರು. ಹರಿಯಲಿಲ್ಲ. ಆ ಎಲೆಯನ್ನು ಎತ್ತಿ ಹಿಡಿದು ಹೆಂಡತಿಯ ಕಡೆ ತಿರುಗಿದರು. ಗುರುಸಿದ್ದಮ್ಮನ ಕಣ್ಣು ತುಂಬಿತು. ಭಾನು ಮೇಡಂ ಕೂಡ ಕರವಸ್ತ್ರ ತೆಗೆದರು. ಗುರುಸಿದ್ದಮ್ಮ ನಾಚಿಕೊಂಡು ಬಾಯಿ ತೆರೆದರು.

ಶಿವಸ್ವಾಮಿಯವರು ಎಲೆಯನ್ನು ತಮ್ಮ ಬಾಯಿಗೇ ಹಾಕಿಕೊಂಡರು.

“ನಿನ್ ಎಸ್ರಲ್ಲಿ ನಾನೇ ತಿಂದ್‌ಬುಟ್ಟೆ ಕಣಮ್ಮಿ” ಎಂದರು.

ಜಗಲಿ ಬಿದ್ದುಹೋಗುವಂತೆ ನಗು. ಗುರುಸಿದ್ದಮ್ಮ ಕೈ ಬಿಚ್ಚಿ ಗಂಡನ ಬೆನ್ನಿಗೆ ಒಂದು ಬಿಟ್ಟರು. ಆ ಕೈಯ ಪೆಟ್ಟಿಗೆ ಅವರು ಮುಗ್ಗರಿಸಿ ಪರೀಕ್ಷಕರ ಮೇಲೆ ಬಿದ್ದರು. ಎದ್ದವರೇ ಎರಡನೆಯದನ್ನು ಮಡಚಿದರು, ನಿಧಾನವಾಗಿ, ಮೊದಲಿನದಕ್ಕಿಂತ ಚೆನ್ನಾಗಿ, ಅದನ್ನು ನಿಜವಾಗಿಯೂ ಹೆಂಡತಿಯ ಬಾಯಿಗಿಟ್ಟರು. ಗುರುಸಿದ್ದಮ್ಮ ಅಗಿದರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು.

“ಸುಣ್ಣ ಕಮ್ಮಿ ಆಯ್ತು” ಎಂದರು.

ಮೂರನೆ ಎಲೆ ಪರೀಕ್ಷಕರಿಗೆ. ಅವರು ಅದನ್ನು ಕೆನ್ನೆಯಲ್ಲಿಟ್ಟುಕೊಂಡು, ಮೀಸೆ ಒರೆಸಿ, ನಮ್ಮ ಮುತ್ತಶ್ಶಿ, ಅಂದರೆ ಅಜ್ಜಿ, ಹೀಗೇ ಮಡಚುತ್ತಿದ್ದರು ಎಂದು ಅರ್ಧ ಮಲಯಾಳದಲ್ಲಿ ಹೇಳಿ ನಾಲ್ಕನೆಯದಕ್ಕೆ ಕೈ ಚಾಚಿದರು.

ಮಾರ್ಚ್ 22, ಶನಿವಾರ

ಪಾಸು. ಭಾನು ಮೇಡಂ ತಮಗೆ ಕೊಡುವ ದಿನಚರಿಯ ಕೊನೆಯ ಪುಟಕ್ಕೆ ಸಹಿ ಹಾಕಿ, “ಇದರಲ್ಲಿ ಎಲ್ಲವೂ ಬಹಳ ಚೆನ್ನಾಗಿದೆ, ಒಂದನ್ನೂ ನಂಬುವುದಿಲ್ಲ” ಎಂದು ನಕ್ಕರು.

ಮನೆಗೆ ಬಂದು ಹೇಳಿದರೆ ಅಮ್ಮ ದೇವರ ಮನೆಗೆ ಓಡಿದಳು. ನಾನು ಪಾಸಾಗಲಿ ಎಂದು ಜನವರಿಯಿಂದಲೂ ಪ್ರತಿ ಸೋಮವಾರ ಒಪ್ಪೊತ್ತು ಮಾಡುತ್ತಿದ್ದಳಂತೆ. ನನ್ನ ಹೆಸರಲ್ಲಿ!

ಮಧ್ಯಾಹ್ನ ಊಟವಾದ ಮೇಲೆ ಅಮ್ಮನನ್ನು ಕೂರಿಸಿ ಎಲೆ ತಟ್ಟೆ ತಂದೆ. ತೊಟ್ಟು ಕಿತ್ತೆ, ಸುಣ್ಣ ಸವರಿದೆ. ನನ್ನ ಮಡಿಕೆ ಬಿಚ್ಚಿಕೊಂಡಾಗಲೆಲ್ಲ ಅಮ್ಮನ ಕೈ ಮುಂದೆ ಬರುತ್ತಿತ್ತು. “ಕೈ ಕಟ್ಕೊ” ಎಂದೆ. ಕಟ್ಟಿಕೊಂಡಳು. ಕೈಗೆ ಕೆಲಸವಿಲ್ಲದೆ ಕೂತ ಅಮ್ಮನನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲೇ ಇಲ್ಲ, ಯಾರದೋ ಮನೆಗೆ ಬಂದ ನೆಂಟರಂತೆ ಕೂತಿದ್ದಳು.

ಎಲೆ ಬಾಯಿಗಿಟ್ಟೆ. ಅಗಿದಳು. ಕಣ್ಣಲ್ಲಿ ನೀರು ಬಂತು.

“ಸುಣ್ಣ ಜಾಸ್ತಿ ಆಯ್ತು ಕಣಮ್ಮಿ.”

“ಉಗಿದುಬಿಡಮ್ಮ, ಬಾಯಿ ಸುಡುತ್ತೆ.”

“ಯಾಕ್ ಉಗೀಲಿ? ನನ್ ಬಾಯಿಗೆ ಯಾರಾದ್ರೂ ಇಟ್ಟಿದ್ದು ನಮ್ಮವ್ವ ಓದ್ಮೇಲೆ ಇವತ್ತೇ” ಎಂದು ಪೂರ್ತಿ ನುಂಗಿ, ಕೈ ಕಟ್ಟಿಕೊಂಡೇ ಮತ್ತೆ ಬಾಯಿ ತೆರೆದಳು.

ಎರಡನೆಯದಕ್ಕೆ ಸುಣ್ಣ ಕಡಿಮೆ ಹಾಕಿದೆ.